ಸಾಹುಕಾರರಿಗೆ ಬೇಡವಾದ ಹಸಿರು ಚೀಟಿ

ಶಿವಮೂರ್ತಪ್ಪ: ಹಸಿರು ಚೀಟಿ ನಂಗೆ ಬ್ಯಾಡ. ಬಿಚ್ಚೋ ಅಂದ್ರೆ ಬಿಚ್ಚು.

ಸಣ್ಣಪ್ಪ: ಸಾವ್ಕಾರ್ರೆ, ಅದು ನಾನು ಮಾಡಿದ್ ರೂಲಲ್ಲ.

ಮಾತಾಡುತ್ತಿದ್ದ ಸಾಹುಕಾರರು ಇದ್ದದ್ದು ತಮ್ಮದೇ ಹಳೇ ಗೋಡೌನಿನ ಇಟ್ಟಿಗೆ ರಾಶಿಯ ಮಧ್ಯೆ, ಅಂಗಾತ ಮಲಗಿ. ಲಾತೂರಿನಲ್ಲಿ ಭೂಮಿ ನಡುಗಿದ ಮರುವರ್ಷ ಅದು. ಶಿರಾಳಕೊಪ್ಪದ ಪೇಟೆಯಲ್ಲೂ ಕಟ್ಟಡ ಕುಸಿದರೆ ಗತಿಯೇನು ಅಂತ ಯಾರಿಗೋ ಚಿಂತೆ ಹತ್ತಿ, ಗೃಹರಕ್ಷಕರಿಗೆ ಹತ್ತು ದಿನದ ತರಬೇತಿ ಇಟ್ಟಿದ್ದರು. ಇಟ್ಟಿಗೆ ಸರಿಸಿ ಜನರನ್ನು ಹುಡುಕಬೇಕು, ಗಾಯ ನೋಡಿ ಕೈಗೆ ಬಣ್ಣದ ಚೀಟಿ ಕಟ್ಟಬೇಕು. ಕೆಂಪಾದರೆ ಜೀವಕ್ಕೆ ಅಪಾಯ, ಮೊದಲು ಎತ್ತಬೇಕು. ಹಳದಿಯಾದರೆ ಸ್ವಲ್ಪ ತಡೆಯಬಹುದು. ಹಸಿರಾದರೆ ತಾನೇ ಎದ್ದು ನಡೆಯಲಿ.

ಇವತ್ತು ಪರೀಕ್ಷೆ. ಪೇಟೆಯವರೇ ಗಾಯಾಳುಗಳಂತೆ ಮಲಗಿದ್ದರು, ಯಾರಿಗೆ ಯಾವ ಗಾಯ ಅಂತ ಪರೀಕ್ಷೆ ಮಾಡಲು ಬಂದ ಡಾಕ್ಟರು ಬರೆದುಕೊಟ್ಟಿದ್ದರು. ಕುಪ್ಪಗಡ್ಡೆಯ ಸಣ್ಣಪ್ಪ ಆಗಲೇ ಎರಡು ಸಲ ನಪಾಸಾಗಿದ್ದ. ಮೂರನೇ ಸಲವೂ ಮುಗ್ಗರಿಸಿದರೆ ತಂಡದಿಂದ ಹೊರಗೆ. ಊರಿನವರೋ, ಅವನು ಪಾಸಾಗುವ ಮೊದಲೇ 'ನಮ್ಮ ಡಾಕ್ಟ್ರು' ಅಂತ ಕರೆಯಲು ಶುರು ಮಾಡಿಬಿಟ್ಟಿದ್ದರು. ಪಾಪ, ಯಾವ ಮುಖ ಹೊತ್ತು ಮನೆಗೆ ಹೋಗುತ್ತಾನೆ?

ಶಿವಮೂರ್ತಪ್ಪ: ಗೋಡೌನು ನಂದು, ಬೀಳ್ಸಿದ್ ಗೋಡಿ ನಂದು. ಸೊಪ್ಪು ಮಾರೋ ದುರುಗಮ್ಮಂಗೆ ಕೆಂಪು ಚೀಟಿ, ಸ್ಟ್ರೆಚರ್ರು, ಹೊರಾಕೆ ನಾಕ್ ಆಳು. ನಾನು ನಡ್ಕಂಡ್ ಹೋಗ್ಬೇಕಾ?

ಸಣ್ಣಪ್ಪ: ಆಯಮ್ಮಂಗೆ ರಕ್ತ ಸುರೀತೈತೆ ಅಂತ ಡಾಕ್ಟ್ರು ಬರ್ದಾರೆ. ನಿಮ್ಗೆ ಮೊಣಕೈ ತರಚಿದ್ದು, ಅಷ್ಟೇಯ.

ಶಿವಮೂರ್ತಪ್ಪ: ಊಟದ ಪಂಕ್ತ್ಯಾಗೂ ಹಿರೇರಿಗೆ ಮೊದ್ಲು ಬಡಸ್ತಾರೆ ಕಣೋ.

ಸ್ಟ್ರೆಚರಿನ ಮೇಲಿದ್ದ ದುರುಗಮ್ಮ, ಬೇಕಾದರೆ ತನ್ನ ಕೆಂಪನ್ನೂ ಅವರಿಗೇ ಕೊಡಿ, ತನಗೆ ಸಂತೆಗೆ ಹೊತ್ತಾಯಿತು ಅಂದಳು. ಸಣ್ಣಪ್ಪ ಅವಳನ್ನು ಸುಮ್ಮನಿರಿಸಿದ. ಆ ತುದಿಯಲ್ಲಿ ಶಿವಮೊಗ್ಗದ ಡಾಕ್ಟರು ಗಡಿಯಾರ ನೋಡುತ್ತಿದ್ದರು.

ಶಿವಮೂರ್ತಪ್ಪ: ಕಾಲು ಮುರ್ದೈತಿ ಅಂತ ಬರ್ಕೊ.

ಸಣ್ಣಪ್ಪ: ಹಂಗಾದ್ರೆ ಹಳದಿ.

ಶಿವಮೂರ್ತಪ್ಪ: ತಲೀನೂ ಒಡ್ದೈತಿ. ಎಚ್ಚರಿಲ್ಲ.

ಸಣ್ಣಪ್ಪ: ಎಚ್ಚರಿಲ್ದೋರು ಮಾತಾಡಲ್ಲ ಸಾವ್ಕಾರ್ರೆ.

ಶಿವಮೂರ್ತಪ್ಪ: ನನ್ ಕಡೀಂದ ನಾನೇ ಹೇಳ್ತಿದೀನಿ, ಬರ್ಕೊ. ನಾಡಿ ಸಿಗ್ತಿಲ್ಲ. ಉಸುರೂ ನಿಂತೈತಿ. ಈಗ ಹೇಳು, ನನಗಿಂತ ಕಷ್ಟದಾಗಿರೋರು ಯಾರದಾರೆ ಇಲ್ಲಿ?

ಕಲಿಸಿದ್ದು ಕಲಿಸಿದಂತೆಯೇ ಮಾಡುವವನು ಸಣ್ಣಪ್ಪ. ಸಾಹುಕಾರರ ಗದ್ದ ಎತ್ತಿ, ಮೂಗಿಗೆ ಕಿವಿಯಿಟ್ಟು, ಈಗಲಾದರೂ ಉಸಿರು ಬಂತೇ ಎಂದು ಕೇಳಿದ. ಒಂಚೂರೂ ಇಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಅವನು ಹಸಿರು ಬಿಚ್ಚಿ ಕಪ್ಪು ಚೀಟಿ ಕಟ್ಟಿದ.

ಶಿವಮೂರ್ತಪ್ಪ: ಇದೇನು, ಕೆಂಪಿಗಿಂತ ದೊಡ್ಡದಾ?

ಸಣ್ಣಪ್ಪ: ಇದು ಸತ್ತೋರಿಗೆ. ಎಲ್ರುನೂ ಎತ್ತಿದ ಮ್ಯಾಲೆ ಎತ್ತೋದು.

ಸಾಹುಕಾರರು ಬಾಯಿ ತೆರೆದರು. ಸಣ್ಣಪ್ಪ ಕೈಮುಗಿದುಬಿಟ್ಟ.

ಸಣ್ಣಪ್ಪ: ನಾಕೇ ನಿಮಿಷ ಐತೆ. ಇವತ್ತೂ ನಪಾಸಾದ್ರೆ ಊರಾಗೆ ತಲೆ ಎತ್ತಾಕಾಗಲ್ಲ ನಂಗೆ. ಸಂತ್ಯಾಗೆ ನಿಮ್ಮ ಮಾತು ಎರಡಾಗಲ್ಲ ಅಂತಾರೆ. ದಯಮಾಡಿ ಸತ್ತಿರ್ರೀ.

ಶಿವಮೂರ್ತಪ್ಪ ಅವನ ಮುಖವನ್ನೇ ನೋಡಿದರು. ಸಿಟ್ಟಿನ ಮನುಷ್ಯರಾದರೂ ಕಟುಕರಲ್ಲ. ಉಸಿರು ನಿಂತಿದೆ ಅಂದಿದ್ದು ತಾವೇ, ಆಡಿದ ಮಾತು ಆಡಿದ್ದೇ ಅಂದರು. ಆಮೇಲೆ ಎದ್ದು ಪಂಚೆಯ ಧೂಳು ಕೊಡವಿ, ಇಟ್ಟಿಗೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತರು.

ಸಣ್ಣಪ್ಪ: ಅಯ್ಯೋ, ಮಲಕ್ಕಳಿ!

ಶಿವಮೂರ್ತಪ್ಪ: ಸತ್ತೋರ್ನ ಮಲಗ್ಸೋದು ನಿಮ್ಮಲ್ಲಿ. ನಮ್ಮಲ್ಲಿ ಕೂರಸ್ತಾರೆ.

ಅಷ್ಟು ಹೇಳಿ ಕಣ್ಣು ಮುಚ್ಚಿದರು. ಡಾಕ್ಟರು ಬಂದರು.

ಡಾಕ್ಟರು: ಕಪ್ಪು ಕಟ್ಟಿದೀರಿ, ಇವರು ಕೂತಿದಾರಲ್ರೀ?

ಸಣ್ಣಪ್ಪ: ಅದು ಅವ್ರ ಪದ್ಧತಿ ಸಾರ್.

ಡಾಕ್ಟರು: ಉಸಿರಾಡೋದೂ ಪದ್ಧತಿನಾ? ಬದುಕಿರೋರನ್ನ ಸತ್ತರು ಅಂದ್ರೆ ನೇರ ನಪಾಸು, ಗೊತ್ತಲ್ಲ?

ಉಸಿರಿಲ್ಲವೆಂದು ಸಾಹುಕಾರರೇ ಹೇಳಿ ಬರೆಸಿದರು ಅಂತ ಸಣ್ಣಪ್ಪ ತೊದಲಿದ. ಅಷ್ಟರಲ್ಲಿ ಎಲ್ಲರಿಗೂ ಉಪ್ಪಿಟ್ಟು ಹೊರಿಸಿಕೊಂಡು ಸಾಹುಕಾರರ ಹೆಂಡತಿ ಶಕುಂತಲಮ್ಮ ಬಂದರು. ಉಗ್ರಾಣದ ಬೀಗದ ಕೈ ಎಲ್ಲಿ ಅಂತ ಗಂಡನನ್ನು ಕೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು, ಅದಕ್ಕೂ ಇಲ್ಲ. ಸಣ್ಣಪ್ಪ ಅಳುಮುಖದಲ್ಲಿ ಸಂಗತಿಯೆಲ್ಲ ಹೇಳಿದ. ಶಕುಂತಲಮ್ಮ ಗಂಡನ ಸುತ್ತ ಒಂದು ಸುತ್ತು ಬಂದು, ಕಿವಿಯ ಹತ್ತಿರ ಬಗ್ಗಿದರು.

ಶಕುಂತಲಮ್ಮ: ರೀ, ನಿಮ್ಮ ಹೊಸಾ ಸ್ಕೂಟರ್ ನನ್ ತಮ್ಮ ತಗಂಡ್ ಹೋದ. ನಾನೇ ಕೊಟ್ಟೆ.

ಸಾಹುಕಾರರ ಮೀಸೆ ನಡುಗಿತು. ಕಿವಿ ಕೆಂಪಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಶಕುಂತಲಮ್ಮ: ಬರ್ಕೊಳ್ಳಿ ಡಾಕ್ಟ್ರೇ, ಹೋಗಿದಾರೆ. ಮದ್ವಿ ಆಗಿ ಮೂವತ್ತು ವರ್ಷಾಯ್ತು. ನನ್ ತಮ್ಮನ್ ಹೆಸರು ಎತ್ತಿದ್ರೆ ಜೀವ ಇರೋತಂಕ ಸುಮ್ನಿರೋರಲ್ಲ ಇವ್ರು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ರೋಗಿ ಹೇಳಿದ ಲಕ್ಷಣಕ್ಕೆ ಚೀಟಿಯೇನೋ ಸರಿಯಾಗಿಯೇ ಇದೆ, ಮನೆಯವರ ಸಾಕ್ಷಿಯೂ ಆಯಿತು ಎನ್ನುತ್ತ 'ಪಾಸು' ಅಂತ ಬರೆದು ಸಹಿ ಹಾಕಿದರು. ಸಣ್ಣಪ್ಪ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡ.

ಶಿವಮೂರ್ತಪ್ಪ (ಕಣ್ಣು ಮುಚ್ಚಿಕೊಂಡೇ): ಸಹಿ ಬಿತ್ತೇನೋ ಸಣ್ಣಪ್ಪ?

ಸಣ್ಣಪ್ಪ: ಬಿತ್ತು ಸಾವ್ಕಾರ್ರೆ.

ಶಿವಮೂರ್ತಪ್ಪ: ಹಂಗಾದ್ರೆ ಈಗ ಹೇಳೇ, ಯಾರನ್ ಕೇಳಿ ಕೊಟ್ಟೆ ನನ್ ಸ್ಕೂಟರ್ನ?