ಎರಡು ಸಾಲಿನ ಸರ್ಟಿಫಿಕೇಟು

ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವರ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಮನೆಗೆ ಬಂದು ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

೧. ಇವನು ಯಾರು?

ದುಬೈಯಲ್ಲಿ ಹದಿನಾರು ವರ್ಷ ಒಬ್ಬ ಅರಬ್ ವಕೀಲರ ಕೈಕೆಳಗೆ ಟೈಪಿಸ್ಟ್ ಆಗಿದ್ದೆ. ಅವರನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ನೇಮಿಸುವ ಮಾತು ಬಂದಾಗ ಬಯೋಡೇಟಾ ಕಳಿಸಬೇಕಾಯಿತು. ಸಾಹೇಬರು ಹೇಳಿ ಬರೆಸಿದ್ದು ಅರ್ಧ ಪುಟ. ನನಗೆ ಸಮಾಧಾನವಾಗಲಿಲ್ಲ. ಗೆದ್ದ ಕೇಸುಗಳು, ಬಡವರ ಪರವಾಗಿ ಫೀಸಿಲ್ಲದೆ ವಾದಿಸಿದ್ದು, ಎಲ್ಲ ಸೇರಿಸಿ ನಾಲ್ಕು ಪುಟ ಮಾಡಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಸಿಸ್ಟರ್, ಈ ಮನುಷ್ಯ ಬಹಳ ಒಳ್ಳೆಯವನು. ಇವನನ್ನೇ ಜಡ್ಜ್ ಮಾಡಲಿ. ನನ್ನ ಬಯೋಡೇಟಾ ಎಲ್ಲಿ?"

೨. ಡ್ರೈವರನ ಶೌರ್ಯ

ನೇಮಕವಾಯಿತು. ಜಡ್ಜ್ ಆದವರು ವಕೀಲಿ ಮಾಡುವಂತಿಲ್ಲವಲ್ಲ, ಆಫೀಸು ಮುಚ್ಚಿತು. ಕೊನೆಯ ದಿನ ಸಾಹೇಬರು, "ನಿಮ್ಮ ನಿಮ್ಮ ಸರ್ಟಿಫಿಕೇಟ್ ಟೈಪ್ ಮಾಡಿ ತನ್ನಿ, ಸಹಿ ಹಾಕುತ್ತೇನೆ" ಎಂದರು.

ನನ್ನದು ಬರೆಯಲು ಕೂತರೆ ಕೈಯೇ ಓಡಲಿಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳುವುದೇ, ಅದೂ ಅವರ ಬಾಯಲ್ಲಿ? ನಾಚಿಕೆಯಾಗಿ, 'ಹದಿನಾರು ವರ್ಷ ಇಲ್ಲಿ ಟೈಪಿಸ್ಟ್ ಆಗಿದ್ದರು. ಕೆಲಸ ಪರವಾಗಿಲ್ಲ' ಎಂದು ಎರಡು ಸಾಲು ಹೊಡೆದೆ. ಸಾಹೇಬರು ಕಾಗದ ನೋಡಿದರು, ನನ್ನ ಮುಖ ನೋಡಿದರು, ಸಹಿ ಹಾಕಿದರು.

ಮಂಗಳೂರು ಕಡೆಯ ನಮ್ಮ ಡ್ರೈವರ್ ಮಾತ್ರ ಪಕ್ಕದಲ್ಲೇ ಕುರ್ಚಿ ಎಳೆದು ಕೂತ. "ಅಕ್ಕಾ, ಸ್ವಲ್ಪ ಜೋರಲ್ಲಿ ಬರೀರಿ ಮಾರಾಯ್ರೆ. ಇಂಥ ಡ್ರೈವರ್ ಇಡೀ ದೇಶದಲ್ಲೇ ಇಲ್ಲಾಂತ ಬರೀರಿ." ಆಫೀಸಿನ ಗೇಟಿಗೆ ಎರಡು ಸಲ ಗುದ್ದಿದವನು! ಅವನು ಹೇಳಿದ್ದನ್ನೆಲ್ಲ ಬರೆದೆ. ಈಗ ಅಬುಧಾಬಿಯ ದೊಡ್ಡ ಹೋಟೆಲಿನಲ್ಲಿದ್ದಾನೆ. ಅಲ್ಲಿನ ಗೇಟಿಗೆ ದೇವರೇ ಗತಿ.

೩. ಏನಾದರೂ ಜಗಳ?

ನಾನೂ ಮಗಳೂ ಇಲ್ಲಿ ಇರುವುದೇ ನನ್ನ ಕೆಲಸದ ವೀಸಾದ ಮೇಲೆ. ಅವಳ ಹನ್ನೆರಡನೇ ಕ್ಲಾಸು ಮುಗಿಯುವವರೆಗಾದರೂ ನನಗೆ ಕೆಲಸ ಬೇಕೇ ಬೇಕಿತ್ತು. ದುಬೈಯಲ್ಲೇ ಅಲ್ ಕುಸೈಸ್ ಬಡಾವಣೆಯ ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಮ್ಯಾನೇಜರು ಸರ್ಟಿಫಿಕೇಟಿನ ಹಿಂಬದಿಯನ್ನೂ ತಿರುಗಿಸಿ ನೋಡಿದರು.

"ಹದಿನಾರು ವರ್ಷಕ್ಕೆ ಇಷ್ಟೇನಾ? ಸಾಹೇಬರ ಜೊತೆ ಏನಾದರೂ ಜಗಳವಾ ಮೇಡಂ?"

ಕೆಲಸ ಸಿಗಲಿಲ್ಲ. ಮನೆಗೆ ಬಂದು ಹೇಳಿದರೆ ಮಗಳು, "ಅಮ್ಮಾ, ಯು ಟೈಪ್ಡ್ ಇಟ್ ಯುವರ್‌ಸೆಲ್ಫ್!" ಎಂದು ಸೋಫಾದ ಮೇಲೆ ಉರುಳಾಡಿ ನಕ್ಕಳು. ಅವಳ ಜೊತೆ ನಕ್ಕು, ಬಚ್ಚಲಿಗೆ ಹೋಗಿ ಅತ್ತೆ.

೪. ಮೀನು ಮಾರ್ಕೆಟಿನ ತೀರ್ಪು

ಜಡ್ಜ್ ಆದ ಮೇಲೆ ಅಬುಧಾಬಿಗೆ ಹೋಗಿದ್ದ ಸಾಹೇಬರು ಶನಿವಾರ ಅಲ್ಲಿನ ಅಲ್ ಮೀನಾದ ಮೀನು ಮಾರ್ಕೆಟಿಗೆ ಬರುತ್ತಾರೆಂದು ಡ್ರೈವರ್ ಹೇಳಿದ. ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಅವರು ಒಂದು ಮೀನಿನ ಕಿವಿರು ಎತ್ತಿ ಪರೀಕ್ಷೆ ಮಾಡುತ್ತಿದ್ದರು.

"ಸರ್, ನಾನೇನೋ ಅಷ್ಟೇ ಬರೆದೆ. ನೀವಾದರೂ ಎರಡು ಮಾತು ಸೇರಿಸಬಾರದಿತ್ತೇ?"

"ಸಿಸ್ಟರ್, ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಯಾವ ಜಡ್ಜಿಗೂ ಬರುವುದಿಲ್ಲ. ಈ ಮಾತನ್ನು ನೀವೇ ನೂರು ಸಲ ಟೈಪ್ ಮಾಡಿದ್ದೀರಿ. ಅವತ್ತು ಕೇಳುತ್ತೀರೇನೋ ಎಂದು ಪೆನ್ನು ಹಿಡಿದು ಕಾದೆ."

"ಈಗ ಕೇಳುತ್ತೇನೆ ಸರ್."

"ಖಲಾಸ್. ಆ ಆಫೀಸೇ ಇಲ್ಲ, ಯಾವ ಮೊಹರು ಹಾಕಲಿ?" ಅವರ ದನಿಯೂ ಇಳಿದಿತ್ತು. "ಇನ್ನು ಮೇಲಾದರೂ ಬಾಯಿ ಬಿಟ್ಟು ಕೇಳಿ. ದೊಡ್ಡದನ್ನೇ ಕೇಳಿ."

ಆಗಲಿ ಎಂದು ಗಟ್ಟಿ ಮನಸ್ಸಿನಿಂದ ತಲೆಯಾಡಿಸಿದೆ. ಅಷ್ಟರಲ್ಲಿ ಮೀನಿನವನು ನನ್ನ ಕಡೆ ತಿರುಗಿ, "ನಿಮಗೆ ಯಾವುದು ಕೊಡಲಿ?" ಎಂದ.

"ಚಿಕ್ಕದೊಂದು ಇದ್ದರೆ ಸಾಕು" ಎಂದೆ.