ಎಡಮೂಲೆಯ ಯಮನಪ್ಪನಿಗೆ ನಾನು ಬರೆದ ಎರಡು

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಹೇಳಿದವರಿಗೆ ವಯಸ್ಸಾಗಿರಲಿಕ್ಕಿಲ್ಲ. ಮೊಣಕಾಲು ಸವೆಯುತ್ತದೆ, ಕಿವಿ ಮಂದವಾಗುತ್ತದೆ, ನಿನ್ನೆ ಯಾವ ಪಲ್ಯ ಮಾಡಿದ್ದೆವೆಂಬುದು ಮರೆತುಹೋಗುತ್ತದೆ. ಆದರೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡಿದ ಒಂದು ದಡ್ಡತನ ಮಾತ್ರ ಭರಣಿಯಲ್ಲಿಟ್ಟ ಮಾವಿನಕಾಯಿಯ ಹಾಗೆ ವರ್ಷ ಕಳೆದಷ್ಟೂ ಖಾರವಾಗುತ್ತ ಹೋಗುತ್ತದೆ. ಈಗ ಟೀವಿಯಲ್ಲಿ ಕಬಡ್ಡಿ ಬರುತ್ತದಲ್ಲ, ಬಣ್ಣಬಣ್ಣದ ಚಡ್ಡಿ, ಚಾಪೆಯ ಮೇಲೆ ಆಟ, ಅದನ್ನು ನಾನು ಬಿಡದೆ ನೋಡುತ್ತೇನೆ. ಆಟದ ನಡುವೆ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಅತ್ಯುತ್ತಮ ಡಿಫೆಂಡರುಗಳು, ಯಾರು ಎಷ್ಟು ಹಿಡಿದರು, ಯಾರು ನಂಬರ್ ಒನ್, ಯಾರು ಕೊನೆ. ಆ ಪಟ್ಟಿ ಬಂದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗಿ, ಕುಡಿಯಲು ಬೇಡದ ನೀರನ್ನು ಕುಡಿದು ಬರುತ್ತೇನೆ. ಮನೆಮಂದಿ ಇದನ್ನು ಶುಗರ್ ಎಂದುಕೊಂಡಿದ್ದಾರೆ. ಶುಗರ್ ಅಲ್ಲ. ಯಮನಪ್ಪ.

ಇದಕ್ಕೆಲ್ಲ ಮೂಲ ಬೆಳಗಾವಿಯ ಕಾನ್ವೆಂಟು. ಅಲ್ಲಿ ನನಗೆ ಚೆಂಡೆಂದರೆ ಭಯ. ಥ್ರೋಬಾಲ್ ನನ್ನ ಕಡೆ ಬಂದರೆ ಹಿಡಿಯುವ ಬದಲು ಕಣ್ಣು ಮುಚ್ಚಿ ‘ಸಾರಿ’ ಎನ್ನುತ್ತಿದ್ದೆ. ಆಟದ ಸಿಸ್ಟರ್ ಸಾಕಾಗಿ ನನ್ನ ಕೈಗೊಂದು ರಿಜಿಸ್ಟರು, ಕೆಂಪು ನೀಲಿ ಪೆನ್ಸಿಲು ಕೊಟ್ಟು, “ಡಿಯರ್, ಯೂ ಕೀಪ್ ದ ಸ್ಕೋರ್” ಎಂದು ಮರದ ಕೆಳಗೆ ಕೂರಿಸಿದರು. ಅಂದಿನಿಂದ ಆಡಲು ಬಾರದ ನಾನು ಆಡುವವರ ಜಡ್ಜ್ ಆದೆ. ನನ್ನ ಕಾಲಮ್ಮುಗಳು ಎಷ್ಟು ನೀಟ್ ಇದ್ದವೆಂದರೆ ನನಗೆ ಪ್ರೈಜ್ ಬಂತು. ಆ ಪ್ರೈಜೇ ನನ್ನನ್ನು ಹಾಳು ಮಾಡಿತು ಎಂದು ಈಗ ಅನ್ನಿಸುತ್ತದೆ. ಬರೆದದ್ದು ನೀಟಾಗಿದ್ದರೆ ಅದು ನಿಜವೂ ಆಗಿರುತ್ತದೆ ಎಂಬ ನಂಬಿಕೆ ಒಮ್ಮೆ ತಲೆಗೆ ಹೊಕ್ಕರೆ ಸುಲಭಕ್ಕೆ ಹೊರಡುವುದಿಲ್ಲ.

ಮದುವೆಯಾಗಿ ರೋಣಕ್ಕೆ ಬಂದೆ. ಆಗ ನಾವಿನ್ನೂ ಮುಂಬೈ ರಾಜ್ಯದವರು. ನಮ್ಮವರು ಡಾಕ್ಟರು. ಮುಂದಿನ ಕೋಣೆ ದವಾಖಾನೆ, ಹಿಂದೆ ಸಂಸಾರ. ಎದುರಿಗೇ ತಾಲೀಮಿನ, ಅಂದರೆ ಗರಡಿಮನೆಯ, ಬಯಲು. ಸಂಜೆಯಾದರೆ ಅಲ್ಲಿ ಹುತುತು ಆಟ. ಈಗಿನ ಕಬಡ್ಡಿಗೆ ಆಗ ನಮ್ಮ ಕಡೆ ಅದೇ ಹೆಸರು. ಅಲ್ಲಿ ಮೊಣಕಾಲು ಕಿತ್ತುಕೊಂಡವರೆಲ್ಲ ರಸ್ತೆ ದಾಟಿ ನಮ್ಮಲ್ಲಿಗೇ ಬರುತ್ತಿದ್ದುದರಿಂದ ನಮ್ಮವರನ್ನೇ ತಂಡದ ಸೆಕ್ರೆಟರಿ ಮಾಡಿಬಿಟ್ಟಿದ್ದರು. ಡಾಕ್ಟರ ಹೆಂಡತಿ ಗಂಡಸರ ನಡುವೆ ಬಯಲಿನಲ್ಲಿ ಕೂರುವಂತಿರಲಿಲ್ಲ. ನಾನು ದವಾಖಾನೆಯ ಕಿಟಕಿಯ ಸರಳಿನ ಹಿಂದೆ ಟಿಂಚರಿನ ವಾಸನೆಯಲ್ಲಿ ಕೂತು ನೋಡುತ್ತಿದ್ದೆ. ನೋಡುವವಳು ಸುಮ್ಮನೆ ನೋಡಬಾರದೇ? ಹಾಲಿನವಳು ನೀರು ಬೆರೆಸಿದ ದಿನಗಳಿಗೆ ನನ್ನಲ್ಲಿ ಒಂದು ಕಾಲಮ್ಮಿತ್ತು, ಗಂಡನ ಗೊರಕೆಗೆ ಇನ್ನೊಂದು. ಹುತುತುವಿಗೂ ಒಂದು ತೆರೆದೆ.

ವರ್ಷಕ್ಕೊಮ್ಮೆ ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಪಂದ್ಯವಾಗುತ್ತಿತ್ತು. ಆ ವರ್ಷ ಅದು ನರಗುಂದದಲ್ಲಿ. ಏಳು ಜನರನ್ನು ಆರಿಸುವವನು ತಾಲೀಮಿನ ಉಸ್ತಾದ ಹುಸೇನಸಾಬ. ಓದು ಬರಹ ಬಾರದ, ಬಿಳಿಗಡ್ಡದ, ನಿಂತ ನಿಲುವಿನಲ್ಲೇ ಹುಡುಗರನ್ನು ಅಳೆಯುವ ಮುದುಕ. “ಯಾಕ ಇವನ್ನ ತೊಗೊಂಡ್ರಿ?” ಎಂದರೆ, “ಅಂವ ಚಲೋ ನಿಲ್ತಾನ್ರಿ” ಎನ್ನುವನು. ಅಷ್ಟೇ ಕಾರಣ. ಇದು ನನಗೆ ಭಾಳ ಅನ್‌ಸೈಂಟಿಫಿಕ್ ಅನ್ನಿಸಿತು. ಒಬ್ಬ ಎದುರಾಳಿ ದಮ್ಮು ಹಿಡಿದು ‘ಹುತುತುತು’ ಎನ್ನುತ್ತ ಒಳಗೆ ಬರುತ್ತಾನೆ. ಅವನನ್ನು ಹಿಡಿಯುವುದು ಉಳಿದವರ ಕೆಲಸ. ಸರಿ, ಯಾರು ಎಷ್ಟು ಹಿಡಿದರೆಂದು ಎಣಿಸಿದರೆ ಮುಗಿಯಿತಲ್ಲ! “ಐ ಕ್ಯಾನ್ ಪ್ರೂವ್ ಇಟ್” ಎಂದೆ ನಮ್ಮವರಿಗೆ. ಅವರು ಯಾರದೋ ಕುರುವಿಗೆ ಪಟ್ಟಿ ಕಟ್ಟುತ್ತಿದ್ದರು. “ಮಾಡು” ಎಂದರು. ಹೊಸ ಹೆಂಡತಿಗೆ ಬೇಸರವಾಗದಿರಲಿ ಎಂದಿದ್ದಿರಬೇಕು.

ತಿಂಗಳು ಪೂರ್ತಿ ಎಣಿಸಿದೆ. ಸುದ್ದಿ ಬಯಲಿಗೆ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಬಾಯಾರು ಬರೆದುಕೊಳ್ಳುತ್ತಾರಂತೆ! ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಬಾಯಾರು ಎಂದೇ. ಆಮೇಲೆ ಆಟದ ಚಂದ ನೋಡಬೇಕಿತ್ತು. ಒಬ್ಬ ಕಾಲು ಹಿಡಿದರೆ ಇನ್ನೊಬ್ಬ ಸೊಂಟ, ಮತ್ತೊಬ್ಬ ಕುತ್ತಿಗೆ ಹಿಡಿದು, ಮೂವರೂ ಕಿಟಕಿಯ ಕಡೆ ಮುಖ ತಿರುಗಿಸಿ, “ಬಾಯಾರ, ನಂದ ಬರಕೊಳ್ರಿ! ಮದ್ಲ ಹಿಡದಾಂವ ನಾ!” ಎಂದು ಕೂಗುವರು. ನಾನು ತಲಾ ಮೂರನೇ ಒಂದು ಭಾಗ ಹಂಚುತ್ತಿದ್ದೆ. ಫ್ರ್ಯಾಕ್ಷನ್ ನನಗೆ ಚೆನ್ನಾಗಿ ಬರುತ್ತಿತ್ತು. ಹಿಟ್ಟಿನ ಗಿರಣಿಯ ಶಂಕ್ರಪ್ಪನಂತೂ, ಸೋತು ಮಲಗಿದವನನ್ನೂ ಇನ್ನೊಮ್ಮೆ ತಬ್ಬಿಕೊಂಡು ನನ್ನ ಕಡೆ ನೋಡುವನು. ಕೆಳಗೆ ಸಿಕ್ಕವನು, “ಲೇ ಶಂಕ್ರ್ಯಾ, ಬಿಡಲೇ, ನಾ ಸತ್ತ ಭಾಳ ಹೊತ್ತಾತು!” ಎಂದು ಒದರುತ್ತಿದ್ದ. ಪಟ್ಟಿಯ ತಲೆಯಲ್ಲಿ ಶಂಕ್ರಪ್ಪ. ಪಟ್ಟಿಯ ಕೊನೆಯಲ್ಲಿ ಯಮನಪ್ಪ.

ಯಮನಪ್ಪ ಹತ್ತಿ ಗಿರಣಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುವವನು. ಕಪ್ಪು, ಕುಳ್ಳ, ಮಾತು ಕಡಿಮೆ. ಎಡಮೂಲೆಯಲ್ಲಿ ಸ್ವಲ್ಪ ಬಾಗಿ, ಕೈ ಇಳಿಬಿಟ್ಟು, ಬಾವಿಗೆ ಇಣುಕುವವನ ಹಾಗೆ ನಿಲ್ಲುತ್ತಿದ್ದ. ತಿಂಗಳಲ್ಲಿ ಹಿಡಿದದ್ದು ಎರಡೇ ಎರಡು. ಗಜೇಂದ್ರಗಡದ ನೇಕಾರರ ತಂಡ ಒಂದು ಸಂಜೆ ಪ್ರ್ಯಾಕ್ಟೀಸಿಗೆ ಬಂದಿತ್ತು. ಮಗ್ಗ ತುಳಿದು ತುಳಿದು ಅವರ ಕಾಲು ಜಿಂಕೆಯ ಕಾಲು. ಅವರೂ ಒಳಗೆ ಬಂದವರೆಲ್ಲ ನಮ್ಮ ಬಲಮೂಲೆಗೇ ಹೋಗಿ ಅಲ್ಲಿಂದಲೇ ಓಡಿದರು. ಯಮನಪ್ಪ ನಿಂತಲ್ಲೇ ನಿಂತಿದ್ದ. ನಾನು ನೀಟಾಗಿ ಸೊನ್ನೆ ಬರೆದೆ. ಪಕ್ಕದಲ್ಲಿ ‘ಲೇಜಿ’ ಎಂದು ಕೆಂಪಿನಲ್ಲಿ ರಿಮಾರ್ಕನ್ನೂ ಹಾಕಿದೆ.

ಮರುದಿನ ಅವನು ಕಿಟಕಿಗೆ ಬಂದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ.

“ಬಾಯಾರ, ನಂದು ಎಷ್ಟ ಆಗ್ಯಾವ್ರಿ?”

“ಎರಡು.”

“ಎರಡ ಏನ್ರಿ?” ರುಮಾಲನ್ನು ಇನ್ನೊಂದು ಕೈಗೆ ಬದಲಿಸಿದ. “ನನ್ನ ಕಡೆ ಯಾರೂ ಬರಂಗಿಲ್ಲಲ್ರಿ.”

“ಬರದಿದ್ರ ನೀ ಹೋಗಿ ಹಿಡಿಯಪ್ಪಾ. ಉಳದವರು ಹಿಡಿಯಾಂಗಿಲ್ಲೇನು?”

“ನಾ ಹ್ವಾದ್ರ ಮೂಲಿ ಖಾಲಿ ಆಕ್ಕೈತ್ರಿ.”

“ಎಕ್ಸ್‌ಕ್ಯೂಸಸ್!” ಎಂದೆ. ಅವನಿಗೆ ಶಬ್ದ ತಿಳಿಯಲಿಲ್ಲ, ದನಿ ತಿಳಿಯಿತು. ಆಮೇಲೆ ಅವನು ಹೇಳಿದ ಮಾತನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಈಗ ಕಿವಿಯಿಂದ ತೆಗೆಯಲಾರೆ. “ನರಗುಂದ ನನ್ನ ಮಾವನ ಊರ್ರಿ. ಹೇಣ್ತಿ ಬಾಣಂತನಕ್ಕ ಅಲ್ಲೇ ಹೋಗ್ಯಾಳ್ರಿ. ಆಕಿ ಅಣ್ಣನ ನಮ್ಮ ಎದುರು ಆಡತಾನ. ನಾ ಆಡತೀನಿ ಅಂತ ಹೇಳಿ ಕಳಿಸೀನ್ರಿ.”

ಭಾವನೆಗಳಿಗೆ ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿರಲಿಲ್ಲ. ಪಟ್ಟಿಯನ್ನು ಇಂಗ್ಲಿಷಿನಲ್ಲಿ, ಕೂಡುಬರಹದಲ್ಲಿ, ಒಂದೂ ಚಿತ್ತಿಲ್ಲದೆ ನಕಲು ತೆಗೆದು ನಮ್ಮವರ ಕೈಯಲ್ಲಿ ಬಯಲಿಗೆ ಕಳಿಸಿದೆ. ಯಾರಿಗೂ ಓದಲು ಬಾರದು. ಆದ್ದರಿಂದಲೇ ಯಾರಿಗೂ ಎದುರಾಡಲು ಬರಲಿಲ್ಲ. ಉಸ್ತಾದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬಾಯಾರ ಬರದಾರಂದ್ರ ಖರೇನ ಇರಬೇಕು” ಎಂದನಂತೆ. ಹಾಗೆ ಹೇಳುವಾಗ ಯಮನಪ್ಪನ ಮುಖ ನೋಡಲಿಲ್ಲವಂತೆ. ಎಡಮೂಲೆ ಶಂಕ್ರಪ್ಪನ ಪಾಲಾಯಿತು.

ನರಗುಂದಕ್ಕೆ ತಂಡ ಹತ್ತಿಯ ಲಾರಿಯಲ್ಲಿ ಹೋಯಿತು, ನಾನು ನಮ್ಮವರ ಜೊತೆ ಬಸ್ಸಿನಲ್ಲಿ. ಗುಡ್ಡದ ಬುಡದ ಬಯಲಿನಲ್ಲಿ ಆಟ. ಹೆಣ್ಣುಮಕ್ಕಳಿಗೆ ಪಕ್ಕದ ಮನೆಯ ಮಾಳಿಗೆ. ಮಣ್ಣಿನ ಮಾಳಿಗೆಯ ಮೇಲೆ ಜಮಖಾನೆ ಹಾಸಿ, ಡಾಕ್ಟರ ಹೆಂಡತಿ ಎಂದು ನನ್ನನ್ನು ಮುಂದೆ ಕೂರಿಸಿದರು. ನನ್ನ ಪಕ್ಕದಲ್ಲಿ ತುಂಬು ಗರ್ಭಿಣಿಯೊಬ್ಬಳು, ಹಸಿರು ಬಳೆ, ಸೆರಗಿನಲ್ಲಿ ಹುರಿದ ಶೇಂಗಾ. ನನಗೂ ಒಂದು ಹಿಡಿ ಕೊಟ್ಟಳು. ಆಟಗಾರರು ಬಯಲಿಗಿಳಿದರು. ಆಕೆ ಕತ್ತು ಉದ್ದ ಮಾಡಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಬಾಯಾರ, ನೀವು ರೋಣದವರಲ್ರಿ? ನಮ್ಮವರು ಯಾಕ ಹೊರಗ ಕುಂತಾರ್ರಿ? ಅಲ್ಲಿ ನೋಡ್ರಿ, ಲಾರಿ ಗಾಲಿ ಹತ್ರ.”

ಲಾರಿಯ ಗಾಲಿಗೆ ಒರಗಿ, ರುಮಾಲು ಮಡಿಲಲ್ಲಿಟ್ಟುಕೊಂಡು, ಯಮನಪ್ಪ ಕೂತಿದ್ದ. ನನ್ನ ಬಾಯಿಯ ಶೇಂಗಾ ಬಾಯಲ್ಲೇ ಉಳಿಯಿತು. ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು, “ಏ ಗಂಗವ್ವಾ, ನಿನ್ನ ಗಂಡ ಲಾರಿ ಕಾಯಾಕ ಬಂದಾನೇನ?” ಎಂದಳು. ನಾಲ್ಕು ಜನ ನಕ್ಕರು. ಗಂಗವ್ವ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೇ ಮಾಡಿದ್ದೆಂದು ಹೇಳಬಹುದಿತ್ತು. ನೀಟ್‌ನೆಸ್ ಪ್ರೈಜ್ ಪಡೆದ ನನ್ನ ಬಾಯಿಂದ ಬಂದದ್ದು ಬೇರೆ.

“ಮೊಣಕಾಲು ನೋವು” ಎಂದೆ. “ಡಾಕ್ಟರು ಆಡಬ್ಯಾಡ ಅಂದಾರ.”

ಮಾಳಿಗೆಯ ಮೇಲೆ ಹೇಳಿದ ಮಾತು ನೆಲಕ್ಕಿಳಿಯಲು ಏಣಿ ಬೇಕಿಲ್ಲ. ಗಂಗವ್ವನ ತಾಯಿ “ಅಯ್ಯ ನನ್ನಪ್ಪಾ!” ಎನ್ನುತ್ತ ಇಳಿದು ಓಡಿದಳು. ಸ್ವಲ್ಪ ಹೊತ್ತಿಗೆ ಬಿಸಿ ಎಣ್ಣೆಯ ಬಟ್ಟಲು, ಅರಿಶಿನ, ಹಳೇ ಸೀರೆಯ ಹರಕುಗಳೊಡನೆ ಲಾರಿಯ ಹತ್ತಿರ ಹೋಗಿ, ಇಡೀ ನರಗುಂದದ ಎದುರು ಅಳಿಯನ ಧೋತರ ಮೊಣಕಾಲಿಗೆ ಏರಿಸಿದಳು. ಯಮನಪ್ಪ ಏನೋ ಹೇಳಲು ಬಾಯಿ ತೆರೆದ. ಅತ್ತೆ ಮಾಳಿಗೆಯ ಕಡೆ ಕೈ ತೋರಿಸಿ ಏನೋ ಅಂದಳು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಕಿಟಕಿಯಲ್ಲಿ ನೋಡಿದ್ದ ಅದೇ ನೋಟ. ಬಾಯಿ ಮುಚ್ಚಿದ. ಒಂದು ಗೀರೂ ಇಲ್ಲದ ಆ ಮೊಣಕಾಲನ್ನು ಚಾಚಿ, ಅರಿಶಿನದ ಪಟ್ಟಿ ಕಟ್ಟಿಸಿಕೊಂಡ. ಸ್ವಲ್ಪ ನರಳಿದ ಕೂಡ.

ಅಷ್ಟರಲ್ಲಿ ಆಟ ಶುರುವಾಗಿತ್ತು. ನರಗುಂದದ ಮೊದಲ ದಾಳಿಯವನು ಗಂಗವ್ವನ ಅಣ್ಣ. ಗೆರೆ ದಾಟಿದವನೇ ನಮ್ಮ ಎಡಮೂಲೆಗೆ ನುಗ್ಗಿದ. ಶಂಕ್ರಪ್ಪ ಅಭ್ಯಾಸಬಲದಿಂದ ಹಾರಿದ. ಹಾರಿದವನು ನೆಲ ತಬ್ಬಿದ. ಅಣ್ಣ ಇಬ್ಬರನ್ನು ಮುಟ್ಟಿ ಕುಣಿಯುತ್ತ ವಾಪಸು ಹೋದ. ಎರಡನೆಯವನೂ ಎಡಮೂಲೆಗೆ. ಮೂರನೆಯವನೂ. ಬಾಗಿಲು ತೆಗೆದಿಟ್ಟ ಮನೆಗೆ ಊರ ಕೋಳಿಯೆಲ್ಲ ನುಗ್ಗಿದ ಹಾಗೆ.

“ಇವತ್ತ ನಮ್ಮಣ್ಣ ಆ ಕಡೆ ಹೊಂಟಾನ ನೋಡ್ರಿ” ಎಂದಳು ಗಂಗವ್ವ, ಹೆಮ್ಮೆಯೋ ದುಃಖವೋ ತಿಳಿಯದ ದನಿಯಲ್ಲಿ. “ಇವರು ಇದ್ರ ಯಾರೂ ಆ ಮೂಲಿಗೆ ಕಾಲ ಇಡಂಗಿಲ್ರಿ. ಯಮನಪ್ಪ ನಿಂತಲ್ಲಿ ಹೋಗಬ್ಯಾಡ್ರೋ, ಕಾಲ ಸಿಕ್ರ ಬಿಡಂಗಿಲ್ಲಂವ ಅಂತ ನಮ್ಮಣ್ಣ ಎಲ್ಲಾರಿಗೂ ಹೇಳಿಟ್ಟಾನ್ರಿ.”

ಶೇಂಗಾ ನುಂಗಿದೆ. ನಾನು ತಿಂಗಳೆಲ್ಲ ನೀಟಾಗಿ ಬರೆದ ಆ ಸೊನ್ನೆಗಳು ಒಂದೊಂದಾಗಿ ಎದ್ದು ಬಂದವು. ನೇಕಾರರು ಬಲಕ್ಕೇ ಓಡಿದ್ದು, ನಮ್ಮ ಹುಡುಗರೂ ಅವನ ಕಡೆ ಸುಳಿಯದಿದ್ದದ್ದು. ನನ್ನ ಸೊನ್ನೆ ಅವನ ಸೋಮಾರಿತನ ಅಲ್ಲ, ಉಳಿದವರ ಹೆದರಿಕೆ. ಅದನ್ನು ಅವನೇ ಬಂದು ಹೇಳಿದ್ದ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದೆ.

ಸೋತೆವು. ಎಷ್ಟರಿಂದ ಎಂದು ಕೇಳಬೇಡಿ, ಅದೊಂದನ್ನು ನಾನು ಎಣಿಸಲಿಲ್ಲ. ಬಸ್ಸಿಗೆ ಕಾಯುವಾಗ ಉಸ್ತಾದ ನಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಬೈಯುತ್ತಾನೆಂದುಕೊಂಡೆ; ಬೈದಿದ್ದರೆ ಹಗುರಾಗುತ್ತಿತ್ತು. ಗಡ್ಡ ನೀವಿಕೊಳ್ಳುತ್ತ, “ಹೊಲಕ್ಕ ಮುಳ್ಳಬೇಲಿ ಹಾಕ್ತೀವಲ್ರಿ ಬಾಯಾರ” ಎಂದ. “ಬೇಲಿ ಎಷ್ಟ ದನಾ ಹಿಡೀತು ಅಂತ ಯಾರೂ ಕೇಳಂಗಿಲ್ರಿ. ಬೆಳಿ ಉಳೀತೋ ಇಲ್ಲೋ, ಅಷ್ಟ ನೋಡತಾರ.” ಎದ್ದು ಹೋದ. ನಮ್ಮವರು ಗುಡ್ಡದ ಕಡೆ ನೋಡುತ್ತ ನಿಂತರು. ಪುಣ್ಯಾತ್ಮರು ಬದುಕಿದ್ದಷ್ಟು ದಿನವೂ ಆ ರಿಜಿಸ್ಟರಿನ ಮಾತೆತ್ತಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ಚಲೋ ಇತ್ತು. ಮುಗಿಯಲಿಲ್ಲ, ಏಕೆಂದರೆ ಯಮನಪ್ಪ ಕುಂಟತೊಡಗಿದ. ರೋಣಕ್ಕೂ ನರಗುಂದಕ್ಕೂ ಹತ್ತಿಯ ಗಾಡಿಗಳು ಓಡಾಡುತ್ತಲೇ ಇದ್ದವು. ಅಳಿಯ ನೆಟ್ಟಗೆ ನಡೆಯುತ್ತಿದ್ದಾನೆಂದು ಮಾವನ ಮನೆಗೆ ಸುದ್ದಿ ಹೋದರೆ? ಒಂದು ವಾರ ದಿನಾ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ದವಾಖಾನೆಗೆ ಕುಂಟುತ್ತ ಬಂದ. ನಮ್ಮವರು ಮೊಣಕಾಲನ್ನು ಒತ್ತಿದರು, ಮಡಿಚಿದರು, ತಟ್ಟಿದರು.

“ಏನೂ ಆಗಿಲ್ಲಲ್ಲೋ ಇದಕ್ಕ! ನೋವು ಐತಿ ಅಂತ ಯಾರ ಹೇಳಿದ್ರು ನಿನಗ?”

“ಬಾಯಾರ ಹೇಳ್ಯಾರ್ರಿ” ಎಂದ ಯಮನಪ್ಪ, ನಗದೆ.

ನಮ್ಮವರು ತಿರುಗಿ ನನ್ನನ್ನು ನೋಡಿ, “ಓಹೋ, ನೀನೂ ಡಾಕ್ಟರ್ ಪ್ರ್ಯಾಕ್ಟೀಸ್ ಶುರು ಮಾಡೀಯೇನು?” ಎಂದರು.

ಅವನು ಹೊರಡುವಾಗ ಕಿಟಕಿಗೆ ಮುಖ ಹಚ್ಚಿ, “ಯಮನಪ್ಪಾ, ಸಾಕು ಮಾಡೋ, ಇನ್ನ ಕುಂಟಬ್ಯಾಡ” ಎಂದು ಪಿಸುಗುಟ್ಟಿದೆ. “ಹ್ಯಾಂಗ ಬಿಡಲಿರಿ? ಅತ್ತಿ ದಿನಾ ಎಣ್ಣಿ ಕಳಿಸಾಕತ್ತಾಳ. ನಿಮ್ಮ ಮಾತು ಸುಳ್ಳು ಮಾಡಲೇನ್ರಿ?” ಎಂದ. ಎಂದು ಅಲ್ಲೇ ನಿಂತ. ನಾನು ಏನಾದರೂ ಹೇಳುತ್ತೇನೆಂದು ಕಾದನೋ, ಸುಮ್ಮನೆ ಬಿಸಿಲು ನೋಡುತ್ತಿದ್ದನೋ, ತಿಳಿಯದು. ಕಾನ್ವೆಂಟಿನಲ್ಲಿ ದಿನಕ್ಕೆ ನಲವತ್ತು ಸಲ ‘ಸಾರಿ’ ಎಂದವಳು ನಾನು. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೂ ಎಂದವಳು. ಅಂದು ‘ತಪ್ಪಾತು ಯಮನಪ್ಪಾ’ ಎಂಬ ಒಂದು ಮಾತು ಗಂಟಲಿನ ತನಕ ಬಂದು, ಗಜೇಂದ್ರಗಡದ ನೇಕಾರನ ಹಾಗೆ ಪಕ್ಕಕ್ಕೆ ತಿರುಗಿ ಓಡಿಹೋಯಿತು. ಅವನು ರುಮಾಲು ಸುತ್ತಿಕೊಂಡು ಕುಂಟುತ್ತ ಹೋದ. ಮರುದಿನ ಮತ್ತೆ ಬಂದ, ಮತ್ತೆ ನಿಂತ. ಹೀಗೆ ವಾರವಿಡೀ.

ಮರುವರ್ಷ ಉಸ್ತಾದ ಯಾರನ್ನೂ ಕೇಳದೆ ಯಮನಪ್ಪನನ್ನು ಎಡಮೂಲೆಯಲ್ಲಿ ನಿಲ್ಲಿಸಿದ. ಅವನ ಕಡೆ ಯಾರೂ ಸುಳಿಯಲಿಲ್ಲ. ಅವನು ಯಾರನ್ನೂ ಹಿಡಿಯಲಿಲ್ಲ. ನಾವು ಗೆದ್ದೆವು.

ರಿಜಿಸ್ಟರು ಈಗಲೂ ಟ್ರಂಕಿನಲ್ಲಿದೆ. ಕೆಂಪು ಪೆನ್ಸಿಲಿನ ‘ಲೇಜಿ’ ಮಾಸಿಲ್ಲ. ಆ ಪೆನ್ಸಿಲುಗಳು ಎಷ್ಟು ಒಳ್ಳೆಯವಿದ್ದವೋ! ಕೊನೆಯ ಪುಟದಲ್ಲಿ ನನ್ನ ಹೆಸರಿಗೂ ಒಂದು ಸಾಲು ಎಳೆದಿಟ್ಟಿದ್ದೇನೆ. ಯಮನಪ್ಪನ ಕ್ಷಮೆ ಕೇಳಿದ್ದು: ಸೊನ್ನೆ. ಎಲ್ಲ ಸೊನ್ನೆಗಳೂ ಒಂದೇ ಅಲ್ಲ ಎಂದು ಅವನಿಂದ ಕಲಿತೆನಲ್ಲ, ಆದ್ದರಿಂದ ಇದನ್ನೂ ಹಾಗೇ ಅರ್ಥ ಮಾಡಿ ತಪ್ಪಿಸಿಕೊಳ್ಳಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಗುವುದಿಲ್ಲ. ಅವನ ಮೂಲೆಗೆ ಯಾರೂ ಬಂದಿರಲಿಲ್ಲ. ನನ್ನ ಕಿಟಕಿಗೆ ಅವನು ಏಳು ದಿನ ಬಂದು ನಿಂತಿದ್ದ.