ಬಡ್ತಿ ಬೇಡವೆಂದು, ಮಾವನ ಮುಖಾಂತರ

ಇಂದ:
ಸಹವೀರೆ, ಎರಡನೇ ದರ್ಜೆ,
ಗಗನವೀರರ ಕಾರ್ಯಾಲಯ, ಎರಡನೇ ಮಹಡಿ,
ಜೆರಾಕ್ಸ್ ಯಂತ್ರದ ಪಕ್ಕದ ಮೇಜು.

ಗೆ:
ಮಾನ್ಯ ನಿರ್ದೇಶಕರು,
ವೀರರ ನೇಮಕಾತಿ ಮತ್ತು ವರ್ಗಾವಣೆ ಇಲಾಖೆ,
ಅದೇ ಕಟ್ಟಡ, ಹದಿನಾಲ್ಕನೇ ಮಹಡಿ.

ಮುಖಾಂತರ:
ಗಗನವೀರರು (ಅರ್ಜಿದಾರಳ ಮೇಲಧಿಕಾರಿ ಹಾಗೂ ಸ್ವಂತ ಸೋದರಮಾವ).

ವಿಷಯ: ಅರ್ಜಿದಾರಳಿಗೆ ಪೂರ್ಣ ವೀರೆಯಾಗಿ ಬಡ್ತಿ ನೀಡಿ ಬಂದರು ನಗರಕ್ಕೆ ವರ್ಗಾಯಿಸಿರುವ ಆದೇಶವನ್ನು ರದ್ದುಪಡಿಸಲು ಕೋರಿ; ಐದನೇ ಸಲ.

ಉಲ್ಲೇಖ:
೧. ತಮ್ಮ ಕಚೇರಿಯ ಬಡ್ತಿ ಆದೇಶ.
೨. ಅರ್ಜಿದಾರಳ ಹಿಂದಿನ ನಾಲ್ಕು ಅರ್ಜಿಗಳು (ನಾಲ್ಕೂ ತಿರಸ್ಕೃತ).
೩. ಅರ್ಜಿದಾರಳ ದಿನಚರಿ, ಮೊನ್ನೆಯ ಪುಟ: "ಸೋಮವಾರ ಮಾವ ಹಾರುವಾಗ ನಾನು ಇಲ್ಲಿರುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ?" ದಿನಚರಿಯನ್ನು ಉಲ್ಲೇಖದಲ್ಲಿ ಸೇರಿಸುವ ಪದ್ಧತಿ ಇಲ್ಲವೆಂದು ಅರ್ಜಿದಾರಳಿಗೆ ಗೊತ್ತಿದೆ. ಈ ವಿಷಯಕ್ಕೆ ಬೇರೆ ದಾಖಲೆಯೇ ಇಲ್ಲದ ಕಾರಣ ಸೇರಿಸಲಾಗಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಹಿಂದಿನ ನಾಲ್ಕು ಅರ್ಜಿಗಳಲ್ಲಿ ಕೊಟ್ಟ ಕಾರಣಗಳು ಸುಳ್ಳು. ಅರ್ಜಿದಾರಳ ತಾಯಿಗೆ ಮಂಡಿನೋವಿಲ್ಲ. ಅವರು ದಿನಾ ಮೂರು ಮಹಡಿ ಹತ್ತಿಳಿದು ಪಕ್ಕದ ಮನೆಯವರ ಸಮಾಚಾರ ವಿಚಾರಿಸಿಕೊಂಡು ಬರುತ್ತಾರೆ. ಬಂದರು ನಗರದ ನೀರು ಒಗ್ಗುತ್ತದೋ ಇಲ್ಲವೋ, ಕುಡಿದು ನೋಡಿಲ್ಲ. ಸ್ವಂತ ದಿಂಬಿಲ್ಲದೆ ನಿದ್ದೆ ಬರುವುದಿಲ್ಲ ಎಂದಿದ್ದು ಹೌದಾದರೂ ದಿಂಬನ್ನು ಜೊತೆಯಲ್ಲೇ ಒಯ್ಯಬಹುದೆಂದು ತಾವು ತಿಳಿಸಿದ್ದೀರಿ. ನಾಲ್ಕನೆಯದರಲ್ಲಿ ಬರೆದ ಎತ್ತರದ ಭಯ ಮಾತ್ರ ಒಂದು ರೀತಿಯಲ್ಲಿ ನಿಜ. ಆದರೆ ಆ ಭಯ ತಾನು ಬೀಳುವುದರ ಬಗ್ಗೆ ಅಲ್ಲ.

ನಿಜವಾದ ಕಾರಣಗಳು ಈ ಕೆಳಗಿನಂತಿವೆ:

೧. ಅರ್ಜಿದಾರಳು ಪದವೀಧರೆ. ದಿಟ್ಟಿಸಿ ನೋಡಿದ ವಸ್ತುವನ್ನು ಎತ್ತುವ ಶಕ್ತಿ ಅವಳಿಗೆ ಹುಟ್ಟಿನಿಂದ ಬಂದಿದೆ. ಆದಕಾರಣ ಅವಳು ಯಾರನ್ನೂ ಮುಖ ಕೊಟ್ಟು ಮಾತನಾಡಿಸುವುದಿಲ್ಲ. ಕಾಲೇಜಿನಲ್ಲಿ ಇದನ್ನು ಜಂಬ ಎಂದರು, ನೆಂಟರು ನಾಚಿಕೆ ಎಂದರು. ಎರಡೂ ಅಲ್ಲ. ಮಾತಿನ ಮಧ್ಯೆ ಎದುರಿನವರು ಕುರ್ಚಿಸಮೇತ ಮೇಲೇಳುವುದು ಚೆನ್ನಾಗಿರುವುದಿಲ್ಲ. (ನಾಚಿಕೆಯೂ ಸ್ವಲ್ಪ ಇದೆ.)

೨. ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ವಾರ, ಗಗನವೀರರು ಒಬ್ಬ ಸರಗಳ್ಳನನ್ನು ಹಿಡಿಯಲು ಗ್ರಂಥಾಲಯದ ಮಾಳಿಗೆಯಿಂದ ಹಾರಿದರು. ಮೊದಲು ಹಾರುವುದು, ಆಮೇಲೆ ನೋಡುವುದು ಅವರ ಕಾರ್ಯವಿಧಾನ. ಆ ದಿನ ಅವರು ಎಂದಿನಂತೆ ಕೈ ಚಾಚಿ, ಎಂದಿನಂತೆ ಗರ್ಜಿಸಿ, ಸಿಮೆಂಟಿನ ಮೂಟೆಯಂತೆ ನೇರ ಕೆಳಗೆ ಬಂದರು. ಅರ್ಜಿದಾರಳು ಗಾಬರಿಯಿಂದ ಕಣ್ಣರಳಿಸಿದ್ದರಿಂದ ರಸ್ತೆಗೆ ಒಂದು ಮೊಳ ಇರುವಾಗ ನಿಂತರು. ಹಾಗೇ ಗಾಳಿಯಲ್ಲಿ ಮಗ್ಗುಲು ಬದಲಿಸಿ ಹೇಳಿದರು: "ನೋಡಿದ್ಯಾ ಪುಟ್ಟೀ? ಕೊನೇ ಘಳಿಗೇಲಿ ಏಳೋದು ಒಂದು ಕಲೆ."

ಸರಗಳ್ಳ ಇದನ್ನು ನೋಡುತ್ತ ನಿಂತುಬಿಟ್ಟದ್ದರಿಂದ ಸಿಕ್ಕಿಬಿದ್ದ. ಕೀರ್ತಿ ಕಲೆಗೆ ಹೋಯಿತು.

೩. ಅಂದಿನಿಂದ ಇಂದಿನವರೆಗೆ ಗಗನವೀರರು ಒಂದು ಅಂಗುಲವನ್ನೂ ಸ್ವಂತ ಬಲದಿಂದ ಹಾರಿಲ್ಲ. ಈ ಸಂಗತಿ ಅವರಿಗೆ ಗೊತ್ತಿಲ್ಲ. ಅವರು ಮೇಲೆ ಹೋಗುತ್ತಿರುವಾಗ ಅರ್ಜಿದಾರಳು ಕೆಳಗೆ ರಸ್ತೆಯಲ್ಲಿ ಕತ್ತು ಎತ್ತಿಕೊಂಡು ಓಡುತ್ತಿರುತ್ತಾಳೆ. ಅವರು ಎಡಕ್ಕೆ ಕೈ ತೋರಿದರೆ ಎಡಕ್ಕೆ, ಬಲಕ್ಕೆ ತೋರಿದರೆ ಬಲಕ್ಕೆ. ಯಾವುದಾದರೂ ಕಟ್ಟಡದ ಹಿಂದೆ ಮರೆಯಾಗುತ್ತಾರೆ ಅನ್ನಿಸಿದರೆ ಅವಳೇ ಮೊದಲು ಆ ಕಟ್ಟಡ ಸುತ್ತಿ ಆಚೆ ತಲುಪಿರಬೇಕು. ಈ ಅವಧಿಯಲ್ಲಿ ಅವಳು ಡಿಕ್ಕಿ ಹೊಡೆದ ದೀಪದ ಕಂಬಗಳು ಒಂಬತ್ತು, ಹಣ್ಣಿನ ಗಾಡಿಗಳು ಮೂರು, ಸವೆದ ಚಪ್ಪಲಿ ಹದಿನಾಲ್ಕು ಜೊತೆ. ಒಂದು ಪತ್ರಿಕೆ "ಗುರುವಿನ ಮೇಲಿಟ್ಟ ಕಣ್ಣು ಕೀಳದ ಶಿಷ್ಯೆ" ಎಂದು ಬರೆಯಿತು. ವಾಸ್ತವಾಂಶದಲ್ಲಿ ತಪ್ಪಿಲ್ಲ.

೪. ಹೋದ ವರ್ಷ ಅರ್ಜಿದಾರಳಿಗೆ ನೆಗಡಿಯಾದಾಗ ಅವಳು ಸೀನಿದ ಪ್ರತಿ ಬಾರಿಯೂ ಗಗನವೀರರು ಮೂರಡಿ ಕುಸಿದರು. ಅವರು ದಿನದ ವರದಿಯಲ್ಲಿ "ಗಾಳಿಯಲ್ಲಿ ಹಳ್ಳಕೊಳ್ಳ ಜಾಸ್ತಿ, ಮೇಲಿನವರ ಗಮನಕ್ಕೆ ತರಬೇಕು" ಎಂದು ಬರೆಸಿದರು. ಬರೆದವಳು ಅರ್ಜಿದಾರಳೇ. ಅವರ ಮುಖವಾಡದ ಮೇಲೆ ಕನ್ನಡಕ ನಿಲ್ಲದ ಕಾರಣ ಕಚೇರಿಯ ಕಾಗದಗಳನ್ನೆಲ್ಲ ಅವಳೇ ಬರೆದು, ಅವಳೇ ಓದಿ ಹೇಳಿ, ಸಹಿಗೆ ಜಾಗ ತೋರಿಸುವುದು ರೂಢಿ.

೫. ಇನ್ನು, ಬಡ್ತಿಗೆ ಕಾರಣವಾದ ಲಿಫ್ಟಿನ ಪ್ರಕರಣ. ಬಟ್ಟೆ ಅಂಗಡಿಯ ಹೊರಗೋಡೆಯ ಗಾಜಿನ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ಹಗ್ಗ ಕಳಚಿಕೊಂಡಾಗ ಒಳಗೆ ಹನ್ನೊಂದು ಮಂದಿ ಇದ್ದರು. ಗಗನವೀರರು ಆಗಲೇ ಗಾಳಿಯಲ್ಲಿದ್ದರು. ಎರಡನ್ನೂ ಒಂದೇ ನೋಟದಲ್ಲಿ ಹಿಡಿಯಬೇಕಾಗಿ ಬಂದದ್ದರಿಂದ ಅರ್ಜಿದಾರಳು ಹಿಂದೆ ಹಿಂದೆ ಸರಿದು ರಸ್ತೆ ನಡುವಿನ ಕಟ್ಟೆ ಏರಿ ನಿಂತಳು. ಮೇಲಧಿಕಾರಿಯ ಮುಖ ಯಾವ ಕಡೆಗಿರಬೇಕು ಎಂಬಷ್ಟು ವಿವರಕ್ಕೆ ಆ ಹೊತ್ತಿನಲ್ಲಿ ಗಮನ ಕೊಡಲಾಗಲಿಲ್ಲ. ಆದ್ದರಿಂದ ಲಿಫ್ಟು ನಿಧಾನವಾಗಿ ಇಳಿಯುತ್ತಿದ್ದಂತೆ ಗಾಜಿನಾಚೆ ಗಗನವೀರರೂ ತಲೆಕೆಳಗಾಗಿ, ಮೇಲಂಗಿ ಮುಖದ ಮೇಲೆ ಬಿದ್ದ ಸ್ಥಿತಿಯಲ್ಲಿ, ಜೊತೆಜೊತೆಗೇ ಇಳಿದರು.

ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅದೇ ಫೋಟೋ. ಗಗನವೀರರು ಲಿಫ್ಟಿನ ಹಗ್ಗಕ್ಕೆ ಸಿಕ್ಕಿಕೊಂಡಿದ್ದರೆಂದು ಭಾವಿಸಿ, ಸಹವೀರೆ ಹನ್ನೆರಡು ಜನರನ್ನು ಕಾಪಾಡಿದಳೆಂದು ಬರೆದಿದ್ದರು. ಅತ್ತೆ ಓದಿ ಹೇಳಿದಾಗ ಮಾವ ಬೆರಳು ಮಡಿಸಿ ಎಣಿಸಿದರು.

"ಲಿಫ್ಟಲ್ಲಿ ಹನ್ನೊಂದೇ ಜನ ಇದ್ರಲ್ಲ?"

"ಅಚ್ಚಿನ ತಪ್ಪು," ಎಂದರು ಅತ್ತೆ, ಪತ್ರಿಕೆ ಮಡಿಸಿಡುತ್ತ.

೬. ಬಡ್ತಿ ಆದೇಶ ಬಂದಾಗ ಮಾವ ಎರಡು ದಿನ ಯಾರ ಹತ್ತಿರವೂ ಮಾತನಾಡಲಿಲ್ಲ. ಮೂರನೇ ದಿನ ಕಚೇರಿಯವರಿಗೆಲ್ಲ ಚಹಾ ಹೇಳಿ, ಈ ಹುಡುಗಿಗೆ ಪಾಠ ಹೇಳಿಕೊಟ್ಟವನು ತಾನೆಂದು ಪ್ರತಿ ಮೇಜಿಗೂ ಹೋಗಿ ತಿಳಿಸಿಬಂದರು. ಬಡ್ತಿ ಬೇಡವೆಂಬ ನಾಲ್ಕೂ ಅರ್ಜಿಗಳು ನಿಯಮದಂತೆ ಅವರ ಮುಖಾಂತರವೇ ಹೋದವು. ಸುಳ್ಳು ಕಾರಣಗಳನ್ನು ಗಟ್ಟಿಯಾಗಿ ಓದಿ ಹೇಳಲು ಅರ್ಜಿದಾರಳಿಗೆ ಕಷ್ಟವೇನೂ ಆಗಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿ, ನಾಲ್ಕರ ಮೇಲೂ ಸ್ವಂತ ಕೈಯಿಂದ ಒಂದೇ ಷರಾ ಬರೆದರು: "ಕಳಿಸಿಕೊಡಿ. ಎಷ್ಟು ದಿನ ಅಂತ ನನ್ನ ನೆರಳಲ್ಲಿ ಇರ್ತಾಳೆ." ತಾವು ಅದನ್ನು ಶಿಫಾರಸು ಎಂದು ಪರಿಗಣಿಸಿದಿರಿ.

೭. ಅರ್ಜಿದಾರಳು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದರು ನಗರದಲ್ಲಿ ಹಾಜರಾಗಬೇಕು. ಅದೇ ದಿನ ಹತ್ತೂವರೆಗೆ ಇಲ್ಲಿ ಹೊಸ ಸಹವೀರರ ಸ್ವಾಗತ ಸಮಾರಂಭ. ಕಾರ್ಯಕ್ರಮ ಪಟ್ಟಿಯ ಮೊದಲ ಬಾಬು: ಗಗನವೀರರು ಈ ಕಟ್ಟಡದ ಹದಿನಾಲ್ಕನೇ ಮಹಡಿಯ ಮೇಲಿನ ಮಾಳಿಗೆಯಿಂದ ಹಾರಿ, ಅಂಗಳದಲ್ಲಿ ನಿಂತ ಸದರಿ ಸಹವೀರರ ಕೈ ಕುಲುಕುವುದು. ಸದರಿಯವರ ಶಕ್ತಿ ಗೋಡೆಯಾಚೆಯ ಮಾತು ಕೇಳಿಸಿಕೊಳ್ಳುವುದು. ಹದಿನಾಲ್ಕು ಮಹಡಿಯಿಂದ ಬೀಳುವವರ ಕೂಗು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸಬಹುದು. ಹಿಡಿಯುವುದು ಅವರ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ.

೮. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ತಾವು ಕೇಳಬಹುದು. ಶಕ್ತಿ ಹೋದ ವೀರರ ಮುಖವಾಡವನ್ನು ಇಲಾಖೆಯವರು ತೆಗೆದುಕೊಂಡು ಕೆಳಮಹಡಿಯ ಗಾಜಿನ ಬೀರುವಿನಲ್ಲಿ, ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಮಾವ ದಿನಾ ಬೆಳಿಗ್ಗೆ ಆ ಬೀರು ದಾಟುವಾಗ ತಲೆ ಆ ಕಡೆ ತಿರುಗಿಸುವುದಿಲ್ಲ. ಒಮ್ಮೆ ಮಾತ್ರ ನಿಂತು ನೋಡಿ, "ಇದರೊಳಗೆ ಕೂರೋದಕ್ಕಿಂತ ಬಿದ್ದು ಹೋಗೋದು ವಾಸಿ," ಎಂದಿದ್ದರು. ತಮಾಷೆಗೆ ಅಂದರೋ ಏನೋ, ಅರ್ಜಿದಾರಳು ಮುಖ ನೋಡಲಿಲ್ಲವಾದ್ದರಿಂದ ತಿಳಿಯಲಿಲ್ಲ.

ಮಾವನ ಉಡುಪನ್ನು ಹೊಲಿಯುವ ಅತ್ತೆಯ ಹತ್ತಿರ ನಿನ್ನೆ ಈ ವಿಷಯ ಎತ್ತಲು ಹೋಗಿ ಅರ್ಜಿದಾರಳು ಗುಂಡಿಗಳ ಬಗ್ಗೆ ಮಾತನಾಡಿದಳು. ಅತ್ತೆ ಯಂತ್ರ ನಿಲ್ಲಿಸದೆಯೇ ಹೇಳಿದರು: "ಎರಡು ವರ್ಷದಿಂದ ಭುಜದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ ಕಣೇ. ಮುಂಚೆ ಅವರು ಹಾರೋ ರಭಸಕ್ಕೆ ವಾರಕ್ಕೊಂದು ಸಲ ಬಿಡ್ತಿತ್ತು. ನಾನೇನು ಕುರುಡಿನಾ?" ಹಾಗಾದರೆ ನೀವೇ ಹೇಳಿ ಅತ್ತೆ ಎಂದು ಕೇಳಿದ್ದಕ್ಕೆ, "ನಾನು ಹೇಳಿದ್ರೆ ಗಂಡ ಹೆಂಡ್ತಿ ಜಗಳ. ನೀನು ಹೇಳಿದ್ರೆ ಆಫೀಸಿನ ವಿಷಯ," ಎಂದು ಹಲ್ಲಿನಲ್ಲಿ ದಾರ ಕಡಿದರು.

೯. ಈ ಕಂಡಿಕೆಯನ್ನು ಬರೆಯಬೇಕೆಂದೇ ಅರ್ಜಿದಾರಳು ಐದನೇ ಸಲ ಕುಳಿತಿದ್ದಾಳೆ. ಲಿಫ್ಟಿನೊಳಗೆ ಹನ್ನೊಂದು ಜನ ಕಿರುಚಾಡುತ್ತಿದ್ದರು. ಒಬ್ಬ ಮುದುಕರು ಎದೆ ಹಿಡಿದುಕೊಂಡಿದ್ದರು, ಒಬ್ಬಾತ ಬಾಗಿಲು ಒದೆಯುತ್ತಿದ್ದ. ಇನ್ನೆರಡು ಸಲ ಒದ್ದಿದ್ದರೆ ಗಾಜು ಬಿಟ್ಟುಕೊಂಡು ಎಲ್ಲರೂ ಹೊರಗೆ ಚೆಲ್ಲುತ್ತಿದ್ದರು. ಆಗ ಗಾಜಿನಾಚೆ ತಲೆಕೆಳಗಾಗಿ ನೇತಾಡುತ್ತಿದ್ದ ಮಾವ ಮೇಲಂಗಿ ಸರಿಸಿಕೊಂಡು ಅವನನ್ನು ಕೇಳಿದರಂತೆ: "ಏನಪ್ಪಾ, ಅಷ್ಟು ಅರ್ಜೆಂಟಾ? ನಾನೂ ಕೆಳಗೇ ಹೋಗ್ತಿದೀನಿ, ಒಟ್ಟಿಗೆ ಹೋಗೋಣ." ಅವನು ನಕ್ಕನಂತೆ. ಆಮೇಲೆ ಮುದುಕರಿಗೆ ಮೊಮ್ಮಕ್ಕಳೆಷ್ಟು ಎಂದು ವಿಚಾರಿಸುತ್ತ ನೆಲ ಮುಟ್ಟುವವರೆಗೆ ಹನ್ನೊಂದು ಜನರನ್ನೂ ಅಲ್ಲಾಡದಂತೆ ನಿಲ್ಲಿಸಿದವರು ಅವರು.

ಇದು ಅರ್ಜಿದಾರಳಿಂದ ಆಗದ ಕೆಲಸ. ಅವಳು ಎತ್ತಬಲ್ಲಳು. ಹೆದರಿದ ಮನುಷ್ಯನಿಗೆ ಒಂದು ಮಾತು ಆಡೆಂದರೆ ಅವಳಿಗೆ ನಾಲಿಗೆ ಏಳುವುದಿಲ್ಲ. ಫೋಟೋದಲ್ಲಿ ಮಾತು ಕಾಣುವುದಿಲ್ಲವಾದ ಕಾರಣ ತಮ್ಮ ಇಲಾಖೆಗೆ ಅರ್ಧ ಪ್ರಕರಣವಷ್ಟೇ ತಲುಪಿದೆ.

ಆದ್ದರಿಂದ, ಮೇಲ್ಕಂಡ ಎಲ್ಲಾ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ವರ್ಗಾವಣೆಯನ್ನು ರದ್ದುಪಡಿಸುವುದು. ಬಡ್ತಿಯನ್ನು ರದ್ದುಪಡಿಸಲೇಬೇಕೆಂದಿಲ್ಲ. ಅದು ಬೇಡವೆಂದು ನಾಲ್ಕು ಸಲ ಬರೆದದ್ದು ಕೂಡ, ಯೋಚಿಸಿ ನೋಡಿದರೆ, ಸುಳ್ಳು.

(ಆ) ಅರ್ಜಿದಾರಳಿಗೆ ಒಬ್ಬ ಸಹವೀರರು ಬೇಕಾಗುವುದರಿಂದ, ಆ ಹುದ್ದೆಗೆ ಮಾತು ಬಲ್ಲ, ಅನುಭವವಿರುವ, ತಲೆಕೆಳಗಾದರೂ ಧೈರ್ಯಗೆಡದ ಒಬ್ಬರನ್ನು, ಅವರ ಮುಖವಾಡದ ಸಮೇತ, ಇದೇ ಕಚೇರಿಯಿಂದ ನೇಮಿಸುವುದು.

(ಇ) ತೀರ್ಮಾನವನ್ನು ಸೋಮವಾರ ಹತ್ತೂವರೆಯ ಒಳಗೆ ತಿಳಿಸುವುದು. ಹತ್ತೂವರೆಯ ನಂತರ ಬಂದ ಮಂಜೂರಾತಿಯಿಂದ ಯಾರಿಗೂ ಪ್ರಯೋಜನವಿಲ್ಲ.

ತಮ್ಮ ವಿಶ್ವಾಸಿ (ಹಿಂದಿನ ನಾಲ್ಕು ಸಲ ಸುಮ್ಮನೆ, ಈ ಸಲ ನಿಜವಾಗಿ),
ಅರ್ಜಿದಾರಳು

ಸ್ಥಳ: ಜೆರಾಕ್ಸ್ ಯಂತ್ರದ ಪಕ್ಕ
ದಿನ: ಶುಕ್ರವಾರ

ಲಗತ್ತುಗಳು:
೧. ಪತ್ರಿಕೆಯ ಫೋಟೋ (ತಿರುಗಿಸಿ ನೋಡಿದರೆ ಗಗನವೀರರ ಮುಖಭಾವ ಕಾಣುತ್ತದೆ. ನಗುತ್ತಿದ್ದಾರೆ.)
೨. ಭುಜದ ಹೊಲಿಗೆ ಬಿಡದಿರುವ ಬಗ್ಗೆ ದರ್ಜಿಯವರ ಹೇಳಿಕೆ, ಮೌಖಿಕ.
೩. ಸವೆದ ಚಪ್ಪಲಿ, ಒಂದು ಜೊತೆ. ಉಳಿದ ಹದಿಮೂರನ್ನು ಕೇಳಿದಲ್ಲಿ ಹಾಜರುಪಡಿಸಲಾಗುವುದು.

ಷರಾ (ಅರ್ಜಿದಾರಳಿಂದ, ಅದೇ ದಿನ ಮಧ್ಯಾಹ್ನ):

ನಿಯಮದಂತೆ ಈ ಅರ್ಜಿಯನ್ನು ಮುಖಾಂತರ ಅಧಿಕಾರಿಗಳ ಮುಂದೆ ಇಡಲಾಯಿತು. ಅವರು ಸೋಮವಾರದ ಸಮಾರಂಭಕ್ಕೆ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಓದು ಎಂದರು. ಅರ್ಜಿದಾರಳು ಇಂದ ಓದಿದಳು, ಗೆ ಓದಿದಳು, ವಿಷಯ ಓದಿದಳು. ಉಲ್ಲೇಖದ ಮೂರನೆಯದಕ್ಕೆ ಬಂದು ಓದು ನಿಲ್ಲಿಸಿದಳು. ಅವರು ಮತ್ತೆ ಅದೇ ಕಥೆ ತಾನೆ ಎಂದು ಪೆನ್ನಿನ ಮುಚ್ಚಳ ತೆಗೆದು, ಕಾಗದದ ಅಂಚಿನಲ್ಲಿ ಕಳಿಸಿಕೊಡಿ ಎಂಬುದರ ಮೊದಲ ಅಕ್ಷರ ಬರೆದರು.

ಪೆನ್ನು ಅವರ ಬೆರಳಿನಿಂದ ಬಿಡಿಸಿಕೊಂಡು ಮೇಲೆದ್ದಿತು. ಅದು ಫ್ಯಾನಿನ ಕೆಳಗೆ ಹೋಗಿ ನಿಂತ ಮೇಲೆಯೇ ಅರ್ಜಿದಾರಳಿಗೆ ತಾನು ಅದನ್ನು ನೋಡುತ್ತಿರುವುದು ತಿಳಿಯಿತು. ಮಾವ ತಲೆಯೆತ್ತಿ ಪೆನ್ನನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

ಅರ್ಜಿದಾರಳು ಪೆನ್ನನ್ನು ಬಿಟ್ಟು ಅವರ ಮುಖ ನೋಡಿದಳು. ಕುರ್ಚಿ ಏಳಲಿಲ್ಲ.

"ಮಾವ, ಎರಡು ವರ್ಷದಿಂದ ನೀವು ಹಾರ್ತಾ ಇಲ್ಲ. ನಾನು ಎತ್ತಿ ಹಿಡ್ಕೊಂಡಿದೀನಿ. ಸೋಮವಾರ ದಯವಿಟ್ಟು ಮೆಟ್ಟಿಲು ಇಳ್ಕೊಂಡು ಬನ್ನಿ."